ಎಡಕ್ಕೆ ಬಿಟ್ಟ ಚುಂಗು

"ನನ್ನ ರುಮಾಲಾ ಕತ್ತೆ ತಲಿಗಿ ಸುತ್ತೀಯಲ್ಲೋ ಅಮೀನಾ, ನಿನ್ನ ಕೈ ಸೇದಿ ಹೋಗಲಿ."

"ನಿಂದಲ್ಲ ಅದು, ಕಂಪನೀದು. ಹಳೇ ಜರದ ಸೀರಿ ಹರದು ಮಾಡೇನಿ."

"ಅರಿವಿ ಮಾತ ಯಾರ ಆಡಾಕತ್ತಾರ? ಸುತ್ತಿದ ರೀತಿ ನಂದು. ಚುಂಗ ಬಿಟ್ಟ ರೀತಿ ನಂದು."

ಅಮೀನಸಾಬ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆಯಲಿಲ್ಲ. ತಗಡಿನ ಥೇಟರಿನ ಬಟ್ಟೆಕೋಣೆಯ ಬಾಗಿಲಲ್ಲಿ ಹುಚ್ಚಪ್ಪ ನಿಂತಿದ್ದ. ರಾಜನ ಪಾತ್ರದ ಬಣ್ಣ ಬೆಳಗಾದರೂ ಅವನ ಕಿವಿಯ ಹಿಂದೆ ಉಳಿದಿತ್ತು.

ಹುಬ್ಬಳ್ಳಿಗೆ ಟಾಕಿ ಸಿನಿಮಾ ಬಂದ ಮೇಲೆ ನಾಟಕ ಕಂಪನಿಯ ಆಟಕ್ಕೆ ಜನ ಕಡಿಮೆಯಾಗಿದ್ದರು. ಧಣಿ ಗುರುಸಿದ್ದಯ್ಯ ಅದಕ್ಕೇ ಅಂಕಗಳ ನಡುವೆ ಪ್ರಾಣಿಗಳ ಫಾರ್ಸು, ನಗೆಯಾಟ, ಹಾಕಿಸಿದ. ತಂದ ರಟ್ಟಿನ ಮುಖವಾಡಗಳೆಲ್ಲ ಸತ್ತ ಕಣ್ಣಿನವು. ಅವಕ್ಕೆ ಜೀವ ತುಂಬುವ ಕೆಲಸ ಅಮೀನಸಾಬನ ಪಾಲಿಗೆ ಬಂತು. ನರಿಯ ಕಂಕುಳಿಗೆ ಕೊಡೆ ಸಿಗಿಸಿ ಮೂಗಿನ ತುದಿಗೆ ಚಾಳೀಸು ಇಳಿಸಿದ. ಅದು ಕೋರ್ಟಿಗೆ ಹೊರಟ ವಕೀಲನಾಯಿತು. ಕರಡಿಗೆ ಗುಂಡಿ ಹತ್ತದ ಬಿಗಿ ಕೋಟು ತೊಡಿಸಿದ. ಅದು ಉಂಡು ಎದ್ದ ಗೌಡನಾಯಿತು. ಕತ್ತೆಯೊಂದು ಉಳಿಯಿತು. "ಇದಕ್ಕ ಸೊಕ್ಕ ಬೇಕೋ," ಎಂದಿದ್ದ ಗುರುಸಿದ್ದಯ್ಯ, "ತಾನ ದೊಡ್ಡಾಂವ ಅನ್ನೂ ಸೊಕ್ಕು."

ಅಮೀನಸಾಬ ಕತ್ತೆಯ ಕಿವಿಗಳ ನಡುವೆ ಜರದ ರುಮಾಲು ಸುತ್ತಿ, ಉಳಿದ ತುದಿಯ ಚುಂಗನ್ನು ಎಡಗಿವಿಯ ಮೇಲಿಂದ ಎದೆಗೆ ಬಿಟ್ಟ. ಸುತ್ತುವಾಗ ಯಾರನ್ನೂ ನೆನೆದಿರಲಿಲ್ಲ. ಆದರೆ ವರ್ಷಗಟ್ಟಲೆ ಸಂಜೆ ಸಂಜೆ ಅವನು ಸುತ್ತುತ್ತ ಬಂದದ್ದು ಹುಚ್ಚಪ್ಪನ ರುಮಾಲು. ಬೇರೆ ಕಂಪನಿಗಳ ರಾಜರು ಚುಂಗನ್ನು ಬೆನ್ನಿಗೆ ಬಿಟ್ಟರೆ ಇವನೊಬ್ಬ ಎಡಕ್ಕೆ ಬಿಡುತ್ತಿದ್ದ. ಸಿಟ್ಟಿನ ಮಾತು ಬಂದಾಗ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ನಿನ್ನೆ ಕತ್ತೆಯ ವೇಷದ ಉಳವಪ್ಪ ಕೈಗೆ ಸಿಕ್ಕ ಚುಂಗನ್ನು ಹಾಗೆಯೇ ಹಿಡಿದ. ಜನಕ್ಕೆ ಕತ್ತೆಯಲ್ಲಿ ಹುಚ್ಚಪ್ಪನ ಗುರುತು ಹತ್ತಿತು. ಬಿದ್ದು ಬಿದ್ದು ನಕ್ಕರು. ಮುಂದಿನ ಅಂಕದಲ್ಲಿ ರಾಜನಾಗಿ ಬಂದ ಹುಚ್ಚಪ್ಪ ಮಗನನ್ನು ಶಪಿಸಲು ಚುಂಗಿಗೆ ಬೆರಳಿಟ್ಟದ್ದೇ ತಡ, ಮುಂದಿನ ಚಾಪೆಯಿಂದ ಒಬ್ಬ ಕತ್ತೆಯಂತೆ ಒದರಿದ. ಆಮೇಲೆ ಥೇಟರಿಗೆ ಥೇಟರೇ ಒದರಿತು.

"ಕೈಗೆ ಅದೊಂದ ರೂಢಿ ಅಣ್ಣಾ. ಬೇಕಂತ ಮಾಡಿಲ್ಲ."

"ಸುಳ್ಳ ಹೇಳಬ್ಯಾಡ. ಎಲ್ಲಾರ ಎದುರು ನಿನ್ನ ಚಿಂದಿ ಸಿಂಪಿಗ ಅಂದಿದ್ದೆ. ಅದನ್ನ ಹೊಟ್ಟ್ಯಾಗ ಇಟಗೊಂಡಿದ್ದಿ."

ಅಮೀನಸಾಬನ ಸಿಟ್ಟು ನೆತ್ತಿಗೆ ಏರಿತು. "ಇಟಗೊಂಡಿದ್ರ ಏನಾತು? ನಿನ್ನ ರಾಜಾ ಮಾಡಿದ್ದೂ ಈ ಚಿಂದೀನ. ನಿನ್ನ ಗಂಟಲಾ ಹೋಗಿ ಎಷ್ಟ ದಿನಾತು? ಮಂದಿ ನೋಡೂದು ನಿನ್ನಲ್ಲ, ರುಮಾಲಾ."

ಆಡಿದ ಮೇಲೆ ಮಷಿನ್ನು ನಿಂತಿತು. ಹುಚ್ಚಪ್ಪ ಬಟ್ಟೆಪೆಟ್ಟಿಗೆಯ ಮೇಲೆ ಕುಳಿತ. ದನಿ ಇಳಿದಿತ್ತು. "ಆತು. ಇವತ್ತ ಆ ಕತ್ತೀದು ಬಿಚ್ಚಿಬಿಡು. ಇನ್ನೊಮ್ಮೆ ಮಂದಿ ಒದರಿದ್ರ ನಾ ರಂಗದ ಮ್ಯಾಲ ನಿಂದ್ರಾಕ ಆಗೂದಿಲ್ಲ."

"ಬಿಚ್ಚತೇನಿ," ಎಂದು ಅಮೀನಸಾಬ ಎದ್ದು, ಗೋಡೆಗೆ ತೂಗುಬಿಟ್ಟ ಕತ್ತೆಯ ತಲೆಗೆ ಕೈ ಚಾಚಿದ. ಅಷ್ಟರಲ್ಲಿ ಗುರುಸಿದ್ದಯ್ಯ ಬಸಿಯಲ್ಲಿ ಚಹಾ ಆರಿಸುತ್ತ ಒಳಗೆ ಬಂದ.

"ಕೈ ಹಚ್ಚಬ್ಯಾಡ. ಹೆಬ್ಬಳ್ಳಿಯವರು ಗಾಡಿ ಕಟಗೊಂಡ ಬರಾಕತ್ತಾರ. ನಿಮ್ಮ ರಾಜಾನ್ನ ನೋಡಾಕ ಅಂತ ತಿಳಕೊಂಡೀರೇನು? ಬೇಕಾದ್ರ ಇವನ ಚುಂಗ ಬೆನ್ನಿಗಿ ಬಿಡು. ಕತ್ತೀದು ಹಂಗ ಇರಲಿ."

ಹುಚ್ಚಪ್ಪ ಧಣಿಯನ್ನು ನೋಡಲಿಲ್ಲ. ಅಮೀನಸಾಬನನ್ನೇ ನೋಡಿದ. ಅಮೀನಸಾಬ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಂಗಿಗೆ ಒರೆಸಿಕೊಂಡ.

"ಈ ಕಡೆ ತಿರಗಿ ಕೂಡ್ರ ಅಣ್ಣಾ. ಬೆನ್ನಿಗಿ ಬಿಟ್ಟ ಸುತ್ತತೇನಿ. ಅದೂ ಛಲೋ ಕಾಣತೈತಿ."

ದಿನವೂ ಬಗ್ಗಿಸುವಂತೆ ಹುಚ್ಚಪ್ಪ ತಲೆ ಬಗ್ಗಿಸಿದ. ಅಮೀನಸಾಬನ ಕೈ ಸುತ್ತುತ್ತ ಸುತ್ತುತ್ತ ಎಡಕ್ಕೆ ಎಳೆಯಿತು. ಬಿಚ್ಚಿ ಮತ್ತೆ ಸುತ್ತಿದ. ಕನ್ನಡಿ ಹಿಡಿದ. ಹುಚ್ಚಪ್ಪನ ಎರಡು ಬೆರಳು ಎದೆಯ ತನಕ ಬಂದವು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

"ಇಂವ ಯಾರೋ ಅಮೀನಾ?" ಎಂದ ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ.

"ಮಂತ್ರಿ ಇದ್ದಂಗ ಅದೀಯಪಾ," ಎಂದು ಗುರುಸಿದ್ದಯ್ಯ ನಕ್ಕ.

ಹುಚ್ಚಪ್ಪ ರುಮಾಲನ್ನು ಸುತ್ತು ಸುತ್ತಾಗಿ ಬಿಚ್ಚಿ ಮಷಿನ್ನಿನ ಮೇಲೆ ಇಟ್ಟ. ತನ್ನ ಟೊಪ್ಪಿಗೆಯನ್ನೂ ತೆಗೆದುಕೊಳ್ಳದೆ ಹೊರಗೆ ನಡೆದ. ಸಾವಾದ ಮನೆಯವರಲ್ಲದೆ ಯಾರೂ ಆ ಓಣಿಯಲ್ಲಿ ಬರಿತಲೆಯಲ್ಲಿ ತಿರುಗುತ್ತಿರಲಿಲ್ಲ.

"ಸಿಟ್ಟ ಇಳದ ಮ್ಯಾಲ ಬರತಾನ ಬಿಡು," ಎಂದು ಗುರುಸಿದ್ದಯ್ಯ ಬಸಿ ಬರಿದು ಮಾಡಿ ಹೋದ.

ನೀರು ಹೊರುವ ಸಂಗವ್ವ ಕೊಡ ಹೊತ್ತು ಒಳಗೆ ಬಂದಳು. ಗಡಿಗೆಗೆ ನೀರು ಸುರಿದವಳು ಹೋಗದೆ ನಿಂತಳು.

"ಹುಚ್ಚಪ್ಪಣ್ಣಾ ಬರೇ ತಲೀಲೆ ಹೊಂಟಾನಲ್ಲರೀ. ಯಾರ ಹೋದರು?"

"ಯಾರೂ ಇಲ್ಲ," ಎಂದು ಅಮೀನಸಾಬ ಮಷಿನ್ನು ತುಳಿದ. ಸೂಜಿಯಲ್ಲಿ ದಾರವಿರಲಿಲ್ಲ.

ಮಧ್ಯಾಹ್ನ ಕಳೆಯಿತು. ಆಟದ ಮೊದಲ ಗಂಟೆ ಹೊಡೆಯಿತು. ಹುಚ್ಚಪ್ಪ ಬರಲಿಲ್ಲ. ತಗಡಿನ ಗೋಡೆಯ ಹೊರಗೆ ಹೆಬ್ಬಳ್ಳಿಯ ಗಾಡಿಗಳ ಎತ್ತುಗಳ ಗೆಜ್ಜೆಯ ಸದ್ದು ಬಂದು ನಿಂತಿತು.