ಹಸಿರು ಚೀಲ, ನೀಲಿ ರಜಾಯಿ

ಶಿಬಿರಕ್ಕೆ ತರಬೇಕಾದ ಸಾಮಾನುಗಳ ಪಟ್ಟಿಯನ್ನು ರಂಜಿತ್ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದರು. ಏಳನೆಯ ಸಾಲು: ಸ್ಲೀಪಿಂಗ್ ಬ್ಯಾಗ್ ಅಥವಾ ದಪ್ಪ ರಜಾಯಿ.

ರಂಜಿತ್ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಮೂಡುಬಿದಿರೆಯಿಂದ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ದಿಡುಪೆಯ ಮೇಲಿನ ಹುಲ್ಲುಗುಡ್ಡಕ್ಕೆ ಕರೆದುಕೊಂಡು ಹೋಗಿ, ಎರಡು ರಾತ್ರಿ ಡೇರೆ ಹಾಕಿ, ಹುಲ್ಲಿನ ಜಾತಿಗಳನ್ನು ಪಟ್ಟಿ ಮಾಡಿಸುವುದು ಕೆಲಸ. ಹುಡುಗಿಯರು ಬರುವುದರಿಂದ ಒಬ್ಬಳು ಅಧ್ಯಾಪಕಿ ಬೇಕಿತ್ತು. ಉಳಿದವರಿಗೆಲ್ಲ ಮನೆಯಲ್ಲಿ ಏನಾದರೊಂದು ಕಾರಣವಿತ್ತು. ನನಗೆ ಇರಲಿಲ್ಲ.

"ಬ್ಯಾಗೇ ತನ್ನಿ ಮೇಡಂ," ಎಂದರು ರಂಜಿತ್. "ರಜಾಯಿ ತಂದರೆ ಅದನ್ನು ಹೊರುವವರು ಯಾರು ಮಾರಾಯ್ರೆ? ಕಳೆದ ವರ್ಷ ಒಬ್ಬ ಡಬಲ್ ರಜಾಯಿ ತಂದಿದ್ದ. ಮೇಲೆ ಮುಟ್ಟುವಾಗ ಒಬ್ಬ ರಜಾಯಿ ಹೊತ್ತಿದ್ದ, ಮೂರು ಜನ ಅವನನ್ನು ಹೊತ್ತಿದ್ದರು. ಮದುಮಗನ ದಿಬ್ಬಣದ ಹಾಗೆ!"

ಎಲ್ಲರೂ ನಕ್ಕರು. ಆಮೇಲೆ ನಾನು ಅಲ್ಲಿದ್ದೇನೆಂಬುದು ನೆನಪಾಗಿ ಒಬ್ಬೊಬ್ಬರೇ ನಿಲ್ಲಿಸಿದರು. ಹನ್ನೊಂದು ತಿಂಗಳಿಂದ ನನ್ನೆದುರು ಯಾರೂ ಪೂರ್ತಿ ನಗುವುದಿಲ್ಲ.

"ನಮ್ಮಲ್ಲಿ ಒಂದು ಬ್ಯಾಗ್ ಉಂಟು," ಎಂದೆ.

ಇತ್ತು. ಬಂಟ್ವಾಳದ ಮನೆಯ ಅಟ್ಟದ ಮೇಲೆ. ಸೃಜನ್‌ನದ್ದು.

ಸೃಜನ್ ನನ್ನ ಗಂಡ. ಫೆಬ್ರವರಿಯಲ್ಲಿ ಐದು ದಿನದ ಜ್ವರಕ್ಕೆ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮೂವತ್ತಮೂರು ವರ್ಷ.

ಸತ್ತವರು ಮಲಗುತ್ತಿದ್ದ ಹಾಸಿಗೆ ಮನೆಯಲ್ಲಿ ಉಳಿಯಬಾರದು ಎಂಬುದು ನಮ್ಮ ಮನೆಯ ಕ್ರಮ. ಉಳಿದರೆ ಹೋದವರು ಅದನ್ನು ಹುಡುಕಿಕೊಂಡು ಬರುತ್ತಾರಂತೆ. ಅವರಿಗೆ ಮುಂದಕ್ಕೆ ದಾರಿ ಆಗುವುದಿಲ್ಲವಂತೆ. ಉತ್ತರಕ್ರಿಯೆಯ ಬೊಜ್ಜದ ಹಿಂದಿನ ದಿನ ಅವನ ಚಿಕ್ಕಪ್ಪ ಧರ್ಣಪ್ಪ ಬಂದು ಹಾಸಿಗೆ, ಚಾದರ, ದಿಂಬು ಎಲ್ಲವನ್ನೂ ಚಾಪೆಯಲ್ಲಿ ಸುತ್ತಿ ಹಗ್ಗ ಬಿಗಿದರು, ಸುಡಲು. ಚಾಪೆಯ ತುದಿಯಲ್ಲಿ ದಿಂಬಿನ ಕೆಂಪು ಹೂವಿನ ಕವರ್ ಕಾಣುತ್ತಿತ್ತು. ಅದು ನೆಂಟರಿಗೆ ಕೊಡುವ ದಿಂಬಿನದ್ದಲ್ಲವೇ ಎಂದು ಒಂದು ಕ್ಷಣ ಅನಿಸಿತು. ಅದರ ಮುಂದಕ್ಕೆ ಯೋಚನೆ ಹೋಗಲಿಲ್ಲ.

ಆಮೇಲೆ ಚಿಕ್ಕಪ್ಪ ಏಣಿ ಹಾಕಿ ಅಟ್ಟವನ್ನೂ ನೋಡಿದರು. ಅಲ್ಲಿ ಒಂದು ಹಸಿರು ಚೀಲ ಇತ್ತು. ನಾಲ್ಕು ಸೇರು ಅಕ್ಕಿ ಹಿಡಿಸುವಷ್ಟೇ ದೊಡ್ಡದು, ಬಾಯಿಗೆ ದಾರ ಬಿಗಿದದ್ದು.

"ಇದು ಎಂಥದ್ದು?"

"ಡೇರೆಯ ಸಾಮಾನು," ಎಂದೆ.

ಅವರು ಬಿಟ್ಟರು. ಅಷ್ಟು ಸಣ್ಣ ಚೀಲದೊಳಗೆ ಆರಡಿ ಉದ್ದದ ಮನುಷ್ಯ ಮಲಗುವ ಹಾಸಿಗೆ ಇದೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಹಾಸಿಗೆ ಎಂದರೆ ಅವರಿಗೆ ಇಬ್ಬರು ಎತ್ತಬೇಕಾದದ್ದು.

ಸೃಜನ್ ಜನವರಿಯ ಕೊನೆಗೆ ಗುಡ್ಡದಿಂದ ಬಂದು ಅದನ್ನು ಹಾಗೇ ಅಟ್ಟಕ್ಕೆ ಎಸೆದಿದ್ದ. ಯಾವಾಗಲೂ ಹಾಗೆ ಮಾಡುವವನಲ್ಲ. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆದು, ಬಿಸಿಲಿಗೆ ಹಾಕಿ, ಕೋಣೆಯ ಹಗ್ಗದಲ್ಲಿ ನೇತುಹಾಕುತ್ತಿದ್ದ. ಅಮುಕಿ ಇಟ್ಟರೆ ಅದರ ಉಸಿರು ಹೋಗುತ್ತದೆ ಎನ್ನುತ್ತಿದ್ದ. ಆ ಸಲ ಭಾನುವಾರ ತೆಗೆಯುತ್ತೇನೆ ಎಂದ. ಭಾನುವಾರ ಜ್ವರ ಬಂತು.

ನಾನೂ ತೆಗೆಯಲಿಲ್ಲ. ಅವನು ಎರಡು ರಾತ್ರಿ ಮಲಗಿದ್ದರ ವಾಸನೆ ಅದರೊಳಗಿತ್ತು. ಬಿಚ್ಚಿದರೆ ಹೋಗುತ್ತದೆ ಎಂದು ಹೆದರಿದ್ದೆ. ಆಗಾಗ ಏಣಿ ಹತ್ತಿ ಮುಟ್ಟಿ ಇಳಿಯುತ್ತಿದ್ದೆ, ಅಷ್ಟೇ.

ಸೋಮವಾರ ಸಂಜೆ ಚೀಲವನ್ನು ಇಳಿಸಿ ಜಗಲಿಗೆ ತಂದೆ. ಅತ್ತೆ, ಜಲಜಾಕ್ಷಿ, ಮರುದಿನ ಹೋಟೆಲಿಗೆ ಬೇಕಾದ ಬೀನ್ಸ್ ಹೆಚ್ಚುತ್ತಿದ್ದರು. ನಮ್ಮ ಮನೆ ಇರುವುದು ಮಾವನ ಹೋಟೆಲಿನ ಹಿಂಬದಿಯಲ್ಲಿ. ಚೀಲ ಕಂಡು ಅವರ ಕತ್ತಿ ನಿಂತಿತು.

"ಇದು ಇನ್ನೂ ಉಂಟಾ?"

"ಡೇರೆಯ..."

"ನನಗೆ ಹೇಳಬೇಡ. ಅವನು ಬಿಸಿಲಿಗೆ ಹಾಕಿದ್ದನ್ನು ಒಳಗೆ ತರುತ್ತಿದ್ದದ್ದು ಯಾರು, ನಿನ್ನ ಅಪ್ಪನಾ? ಅವನು ಮಲಗುವುದಿದು."

"ಗುಡ್ಡದಲ್ಲಿ ಚಳಿ ಮಾಮಿ. ಶನಿವಾರಕ್ಕೆ ಬೇಕು."

"ಚಳಿಗೆ ರಜಾಯಿ ಉಂಟಲ್ಲ. ನಿನಗೇ ಅಂತ ಮಾಡಿಸಿದ್ದು. ಇಷ್ಟು ತಿಂಗಳಾಯ್ತು, ಒಂದು ದಿನ ಬಿಡಿಸಿ ನೋಡಿದ್ದೀಯಾ ನೀನು?"

ನೋಡಿರಲಿಲ್ಲ. ಏಪ್ರಿಲ್‌ನಲ್ಲಿ ಧರ್ಮಸ್ಥಳಕ್ಕೆಂದು ಹೋದ ಅತ್ತೆ ಸಂಜೆ ಒಂದು ನೀಲಿ ರಜಾಯಿ ತಂದು ನನ್ನ ಮಂಚದ ಮೇಲಿಟ್ಟಿದ್ದರು. ಏಪ್ರಿಲ್‌ನ ಸೆಕೆಯಲ್ಲಿ ರಜಾಯಿ. ದುಃಖದಲ್ಲಿ ಜನ ಏನೇನೋ ಕೊಂಡುಕೊಳ್ಳುತ್ತಾರೆ ಎಂದುಕೊಂಡು ಕಪಾಟಿಗೆ ಸೇರಿಸಿದ್ದೆ.

"ಅದು ಭಾರ," ಎಂದೆ.

"ಭಾರ ಇದ್ದರೇ ಬೆಚ್ಚಗೆ." ಅವರು ಮತ್ತೆ ಹೆಚ್ಚತೊಡಗಿದರು. "ನೋಡು ವಿಸ್ಮಿತಾ, ಬರುವ ತಿಂಗಳು ಅವನ ವರ್ಷದ ತಿಥಿ ಮಾಡುವುದು. ಅಷ್ಟರಲ್ಲಿ ಅದು ಈ ಮನೆಯಲ್ಲಿ ಇರಬಾರದು. ತೆಗೆದುಕೊಂಡು ಹೋದರೆ ಗುಡ್ಡದಲ್ಲೇ ಬಿಟ್ಟು ಬಾ. ಬಿಟ್ಟು ಹೋದರೆ ಧರ್ಣಪ್ಪನಿಗೆ ಹೇಳ್ತೇನೆ, ಅವನು ಸುಡುತ್ತಾನೆ. ನನ್ನ ಮಗನಿಗೆ ಒಂದು ದಾರಿ ಬೇಡವಾ?"

ದನಿ ಏರಲಿಲ್ಲ. ಮಗನ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಗೆ ಮಾತನಾಡುತ್ತಾರೆ ಎಂದು ಅವರ ಮೇಲೆ ಸಿಟ್ಟು ಬಂತು. ತುಂಬ ದಿನಗಳ ಮೇಲೆ ಬಂದ ಸಿಟ್ಟು.

ಎರಡು ದಿನ ಯೋಚಿಸಿದೆ. ಬ್ಯಾಗ್ ಒಯ್ದರೂ ಹೋಯಿತು, ರಜಾಯಿ ಒಯ್ದರೂ ಬ್ಯಾಗ್ ಹೋಯಿತು. ಗುರುವಾರ ಒಂದು ಉಪಾಯ ಹೊಳೆಯಿತು. ಬ್ಯಾಗಿನ ಒಳಗೆ ತುಂಬಿರುವುದನ್ನು ತೆಗೆಸಿ ರಜಾಯಿಯೊಳಗೆ ಹಾಕಿಸಿದರೆ? ಹೊರಗಿನ ಹಸಿರು ಬಟ್ಟೆಯನ್ನು ಚಿಕ್ಕಪ್ಪ ಸುಡಲಿ. ರಜಾಯಿ ರಜಾಯಿಯೇ ಆಗಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ರಜಾಯಿ ಕಟ್ಟಿದ್ದ ಬಟ್ಟೆಯ ಚೀಲದ ಮೇಲೆ ಗುರುವಾಯನಕೆರೆಯ ಹಾಸಿಗೆ ಅಂಗಡಿಯೊಂದರ ಹೆಸರಿತ್ತು. ಶುಕ್ರವಾರ ಎರಡನ್ನೂ ಕಾಲೇಜಿಗೆ ಒಯ್ದು, ಕ್ಲಾಸು ಮುಗಿಸಿ ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

"ಹಾಸಿಗೆ ಸಮೇತ ಹೊರಟಿದ್ದೀರಲ್ಲ ಮೇಡಂ," ಎಂದ ಕಂಡಕ್ಟರ್. "ಇದು ಸ್ಲೀಪರ್ ಅಲ್ಲ, ಲೋಕಲ್. ಮುಕ್ಕಾಲು ಗಂಟೆಯಲ್ಲಿ ಇಳಿಸ್ತೇವೆ."

ಅಂಗಡಿಯ ಯಜಮಾನರು ಸುಲೈಮಾನ್. ಅರವತ್ತು ದಾಟಿದವರು. ಹೆಗಲ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಹತ್ತಿಯ ರಾಶಿಯ ಮುಂದೆ ಕುಳಿತಿದ್ದರು. ನನ್ನ ಕೆಲಸ ಕೇಳಿ ಬೈರಾಸನ್ನು ಕೆಳಗೆ ಸರಿಸಿದರು. "ತೋರಿಸಿ ಅಕ್ಕ."

ಹಸಿರು ಚೀಲದ ದಾರವನ್ನು ನಾನೇ ಬಿಚ್ಚಿದೆ. ಹತ್ತಿಯ ಧೂಳಿನಲ್ಲಿ, ಗುರುತಿಲ್ಲದವರೊಬ್ಬರ ಎದುರು ಅದನ್ನು ಬಿಚ್ಚಬೇಕಾಗಬಹುದೆಂದು ಎಂದೂ ಎಣಿಸಿರಲಿಲ್ಲ. ಸೃಜನ್ ಬಿಚ್ಚುವಾಗ, ಹೊರಗೆ ಬಂದ ಕೂಡಲೇ ಅದು ಮೆಲ್ಲನೆ ಉಬ್ಬುತ್ತಿತ್ತು. ಈಗ ಉಬ್ಬಲಿಲ್ಲ. ಮಡಿಕೆ ಬಿದ್ದಲ್ಲೇ ಅಂಟಿಕೊಂಡಿತ್ತು. ಕುತ್ತಿಗೆಯ ಕಡೆ ಕಪ್ಪು ಚುಕ್ಕೆಗಳು. ನಾಚಿಕೆ ಬಿಟ್ಟು ಅದನ್ನು ಮುಖಕ್ಕೆ ಹಿಡಿದೆ. ಬೂಷ್ಟಿನ ವಾಸನೆ. ಮಳೆಗಾಲದಲ್ಲಿ ಮುಚ್ಚಿದ ಯಾವ ಕಪಾಟಿನಲ್ಲೂ ಇರುವಂಥದು. ಬೇರೇನೂ ಇರಲಿಲ್ಲ.

ಸುಲೈಮಾನ್ ಹೊಲಿಗೆಯ ಒಂದು ಮೂಲೆಯನ್ನು ಬ್ಲೇಡಿನಿಂದ ಬಿಡಿಸಿ ಎರಡು ಬೆರಳು ಹಾಕಿ ನೋಡಿದರು.

"ಇದು ಹತ್ತಿಯಲ್ಲ. ಪ್ಲಾಸ್ಟಿಕ್ಕಿನ ನೂಲು. ಹಿಂಜಲಿಕ್ಕೆ ಬರುವುದಿಲ್ಲ. ಅದೂ ಸತ್ತುಹೋಗಿದೆ. ಎಷ್ಟು ಸಮಯ ಆಯ್ತು ಕಟ್ಟಿಟ್ಟು?"

"ಹನ್ನೊಂದು ತಿಂಗಳು."

"ಮಳೆಗಾಲ ಇಡೀ?"

"ಹೌದು."

"ಅಯ್ಯೋ. ತೆಗೆದು ನೇತುಹಾಕಬೇಕಿತ್ತು ಅಕ್ಕ. ಯಾರೂ ಹೇಳಲಿಲ್ಲವಾ?"

ಹೇಳಿದ್ದ.

ಆಗ ಅವರು ರಜಾಯಿಯನ್ನು ನೋಡಿದರು. ಅಂಚು ಮಗುಚಿ ಹೊಲಿಗೆ ಪರೀಕ್ಷಿಸಿದರು. "ಇದು ನಾನೇ ಮಾಡಿದ್ದು. ಬಂಟ್ವಾಳದ ಹೋಟೆಲಿನ ಅಮ್ಮ ಮಾಡಿಸಿದ್ದಲ್ವಾ? ನೀವು ಅವರ ಮಗಳಾ?"

"ಸೊಸೆ."

"ಓ. ಹಾಗಾದರೆ ನಿಮ್ಮ ಮನೆಯವರಿಗೆಲ್ಲ ಇದೇ ಹಟವಾ? ಅವರೂ ಹೀಗೇ. ಒಂದು ಹಳೇ ದಿಂಬು ತಂದು, ಇದರೊಳಗಿನದ್ದು ರಜಾಯಿಯಲ್ಲಿ ಹಾಕಿ ಅಂತ. ನಾನು ಹೇಳಿದೆ, ಅಮ್ಮ, ಇದು ಬೂರುಗದ ಹತ್ತಿ, ದಿಂಬಿಗೆ ಮಾತ್ರ ಆಗುವುದು, ರಜಾಯಿಯಲ್ಲಿ ಜಾರಿ ಒಂದು ಮೂಲೆಗೆ ಹೋಗಿ ಕೂರುತ್ತದೆ. ಹೊಸ ಹತ್ತಿಯಲ್ಲೇ ಚೆಂದ ಮಾಡುವ. ಕೇಳಲಿಲ್ಲ. ಒಂದು ಎಳೆ ಹಾರಿ ಹೋಗಬಾರದು ಅಂತ ಅಗೋ ಆ ಸ್ಟೂಲಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತರು. ನನ್ನ ಫ್ಯಾನ್ ಸಹ ಬಂದ್ ಮಾಡಿಸಿದರು ಮಾರಾಯ್ರೆ, ಏಪ್ರಿಲ್ ತಿಂಗಳಲ್ಲಿ!"

"ಧರ್ಮಸ್ಥಳಕ್ಕೆ ಹೋಗಲಿಲ್ಲವಾ ಅವರು?"

"ಎಲ್ಲಿಗೂ ಹೋಗಲಿಲ್ಲ. ಊಟವೂ ಮಾಡಲಿಲ್ಲ."

ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಯಾರ ದಿಂಬು ಅಂತ ನಾನು ಕೇಳಲಿಲ್ಲ. ನಮ್ಮ ಕೆಲಸದಲ್ಲಿ ಅದು ಕೇಳುವುದಿಲ್ಲ." ರಜಾಯಿಯ ನಡುಭಾಗವನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಹಾಕಿದ್ದು. ಜಾರದ ಹಾಗೆ ಹೊಲಿಗೆ ಹತ್ತಿರ ಹತ್ತಿರ ಕೊಟ್ಟಿದ್ದೇನೆ, ನೋಡಿ."

ಮುಟ್ಟಿ ನೋಡಿದೆ. ಒಂದು ದಿಂಬಿನಷ್ಟು ಅಗಲಕ್ಕೆ ಹೊಲಿಗೆ ಒತ್ತಾಗಿತ್ತು. ಕೆಂಪು ಹೂವಿನ ಕವರ್ ನೆನಪಾಯಿತು. ಚಿಕ್ಕಪ್ಪ ಸುಟ್ಟದ್ದು ನೆಂಟರ ದಿಂಬನ್ನು. ಮನೆ ತುಂಬ ಜನ ಇದ್ದ ಆ ದಿನ, ಎಲ್ಲರೂ ಅತ್ತೆಯನ್ನು ಹಿಡಿದುಕೊಂಡು ಕುಳಿತಿದ್ದಾಗ, ಅವರು ಯಾವಾಗ ಎದ್ದು ಹೋಗಿ ದಿಂಬು ಬದಲಿಸಿದರೋ.

"ಬ್ಯಾಗ್ ಇಲ್ಲೇ ಇರಲಿ," ಎಂದೆ.

"ಎಂಥ ಮಾಡುವುದು ಅದನ್ನು?"

"ನಿಮ್ಮ ಕಸ ಸುಡುವಾಗ ಅದನ್ನೂ..."

ಅವರು ತಲೆಯಾಡಿಸಿದರು. ಕಸದ ಕಡೆಗೆ ಎಸೆಯಲಿಲ್ಲ. ಮಡಚಿ ಸ್ಟೂಲಿನ ಮೇಲಿಟ್ಟರು. ನಾನು ರಜಾಯಿ ಎತ್ತಿಕೊಂಡು ಬಂಟ್ವಾಳದ ಬಸ್ಸಿಗೆ ನಿಂತೆ.

ಶನಿವಾರ ಗುಡ್ಡ ಹತ್ತುವಾಗ ರಂಜಿತ್ ನನ್ನ ಬೆನ್ನ ಮೇಲಿನ ನೀಲಿ ಗಂಟನ್ನು ನೋಡಿ ಏನೋ ಹೇಳಹೊರಟು ನುಂಗಿಕೊಂಡರು. ಮೋಕ್ಷಿತಾ ಎಂಬ ಹುಡುಗಿ, "ಕೊಡಿ ಮ್ಯಾಮ್, ಸ್ವಲ್ಪ ದೂರ ನಾನು ಹೊರುತ್ತೇನೆ" ಎಂದಳು. ಕೊಡಲಿಲ್ಲ.

ಮೇಲೆ ಗಾಳಿ ಇತ್ತು. ಹುಡುಗಿಯರು ತಮ್ಮ ತಮ್ಮ ಬ್ಯಾಗಿನೊಳಗೆ ಹೊಕ್ಕು ಜಿಪ್ ಎಳೆದುಕೊಂಡರು. ರಜಾಯಿಗೆ ಜಿಪ್ ಇಲ್ಲ. ಬೆನ್ನ ಕೆಳಗಿನಿಂದ ಚಳಿ ಏರುತ್ತಿತ್ತು, ಪಾದ ಮುಚ್ಚಿದರೆ ಹೆಗಲು ತೆರೆಯುತ್ತಿತ್ತು. ಒತ್ತು ಹೊಲಿಗೆಯ ಭಾಗವನ್ನು ಕೆನ್ನೆಯ ಹತ್ತಿರಕ್ಕೆ ಎಳೆದುಕೊಂಡೆ. ಅದರಲ್ಲೂ ಹೊಸ ಬಟ್ಟೆಯ ವಾಸನೆ ಮಾತ್ರ ಇತ್ತು. ಹಿಂಜಿದ ಹತ್ತಿ, ಇನ್ನೇನಿರಲು ಸಾಧ್ಯ. ಎರಡು ರಾತ್ರಿಯೂ ನಿದ್ದೆ ಬರಲಿಲ್ಲ. ಎರಡನೆಯ ಬೆಳಗಿಗೆ ಡೇರೆಯೊಳಗೆಲ್ಲ ಇಬ್ಬನಿ ಇಳಿದು ರಜಾಯಿ ಒದ್ದೆಯಾಯಿತು. ಇಳಿಯುವಾಗ ಅದರ ಭಾರ ಎರಡು ಪಾಲಾಗಿತ್ತು.

ಮನೆಗೆ ಮುಟ್ಟಿದಾಗ ಅತ್ತೆ ಮೊದಲು ನೋಡಿದ್ದು ಅದನ್ನು. ತೆಗೆದುಕೊಂಡು ತಾರಸಿಗೆ ಹೋದರು. ಹಿಂದೆಯೇ ಹೋದೆ.

"ಬೇರೆ ಯಾರಿಗಾದರೂ ಹೊದೆಯಲಿಕ್ಕೆ ಕೊಟ್ಟಿದ್ದೀಯಾ?"

"ಇಲ್ಲ."

"ಆ ಚೀಲ?"

"ಬಿಟ್ಟು ಬಂದೆ."

ಅವರು ಹೂಂ ಎಂದರು. ರಜಾಯಿಯನ್ನು ಹಿಂಡಲಿಲ್ಲ. ಸಿಮೆಂಟಿನ ಮೇಲೆ ಚಾಪೆ ಹಾಸಿ, ಅದರ ಮೇಲೆ ಬಿಡಿಸಿ, ಅಂಗೈಯಿಂದ ಒತ್ತಿ ಒತ್ತಿ ನೀರನ್ನು ಅಂಚಿನ ಕಡೆಗೆ ಸರಿಸಿದರು. ನಡುಭಾಗಕ್ಕೆ ಬಂದಾಗ ಕೈ ನಿಧಾನವಾಯಿತು.

"ಚಳಿ ಆಯಿತಾ?"

"ಇಲ್ಲ ಮಾಮಿ. ಬೆಚ್ಚಗಿತ್ತು."

"ಇಲ್ಲಿ ಒಣಗಲಿಕ್ಕೆ ಸ್ವಲ್ಪ ಸಮಯ ಬೇಕು. ದಪ್ಪ ಉಂಟು."

"ಹೌದು," ಎಂದೆ. "ಹೊಲಿಗೆಯೂ ಹತ್ತಿರ ಹತ್ತಿರ ಉಂಟು."

ಅವರ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ. ಕೆಳಗೆ ಹೋಟೆಲಿನಲ್ಲಿ ಯಾರೋ ಎರಡು ಚಹಾ ಎಂದು ಕೂಗಿದರು. ಸ್ವಲ್ಪ ಹೊತ್ತಾದ ಮೇಲೆ ಕೈ ಮತ್ತೆ ಒತ್ತತೊಡಗಿತು.

ನಾನು ಎದುರು ಬದಿಯಲ್ಲಿ ಕುಳಿತು ಅಂಚನ್ನು ಹಿಡಿದೆ. ಸಂಜೆಯವರೆಗೆ ಮೂರು ಸಲ ಮಗುಚಿದೆವು, ನಾಲ್ಕು ಮೂಲೆಗೆ ನಾಲ್ಕು ಕೈ. ಬಿಸಿಲು ಹೋದರೂ ಪೂರ್ತಿ ಒಣಗಲಿಲ್ಲ. ಒಳಗೆ ತರುವಾಗ ಮೆಟ್ಟಿಲಿನ ಮೇಲೆ ಅತ್ತೆ ನಿಂತರು.

"ವರ್ಷದ ದಿನ ಧರ್ಣಪ್ಪ ಕೇಳುತ್ತಾನೆ. ಹೋದವನದ್ದು ಏನಾದರೂ ಮನೆಯಲ್ಲಿ ಉಳಿದಿದೆಯಾ ಅಂತ. ಹೆಂಡತಿಯ ಹತ್ತಿರವೇ ಕೇಳುವ ಕ್ರಮ."

"ಏನೂ ಇಲ್ಲ ಅಂತ ಹೇಳ್ತೇನೆ."

"ಹಾಗೆಯೇ ಹೇಳು," ಎಂದರು ಅತ್ತೆ.