ಒಡೆಯದ ಪೊಟ್ಟಣ

ಮನೆಯ ಇಬ್ಬರು ಸೊಸೆಯಂದಿರಿಗೂ ಪ್ಯಾಡ್ ತರುವುದು ಹಿರಿಯವಳ ಕೆಲಸ. ದರ್ಜಿ ಅಂಗಡಿಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜ ಹೊಲಿದು ಮನೆಗೆ ಬರುವಾಗ, ತಿಂಗಳಿಗೊಮ್ಮೆ ಎರಡು ಪೊಟ್ಟಣ ತಂದು ಬಚ್ಚಲಿನ ಕಪಾಟಿನಲ್ಲಿ ಇಡುತ್ತಿದ್ದಳು. ಅವಳದು ತಪ್ಪದೆ ಖಾಲಿಯಾಗುತ್ತಿತ್ತು. ಓರಗಿತ್ತಿಯವು ಒಡೆಯದೆ ಒಂದರ ಮೇಲೊಂದು ಮೂರು ಕೂತಿದ್ದವು.

ಇದನ್ನು ತಿಳಿಯಲು ಶಾಸ್ತ್ರ ಓದಬೇಕೇ? ತನಗೆ ಮದುವೆಯಾಗಿ ಏಳು ವರ್ಷ, ಮಡಿಲು ಬರಿದು. ನಿನ್ನೆ ಮೊನ್ನೆ ಬಂದವಳಿಗೆ ವರ್ಷ ತುಂಬುವ ಮೊದಲೇ ಭಾಗ್ಯ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುವುದು ಸುಳ್ಳಲ್ಲ. ಹಿರಿಯವಳಿಗೆ ಅನ್ನವೂ ಸೇರುತ್ತಿರಲಿಲ್ಲ.

ಓರಗಿತ್ತಿ ಎರಡು ಸಲ ಬಾಗಿಲಲ್ಲಿ ನಿಂತು, "ಅಕ್ಕಾ, ಒಂದು ಮಾತು" ಎಂದಿದ್ದಳು. ಸಿಹಿಸುದ್ದಿ ಕಿವಿಗೆ ಬೀಳದಿದ್ದರೆ ಸಾಕೆಂದು ಇವಳು, "ಆಮೇಲೆ ಹೇಳು, ಕೈತುಂಬ ಕೆಲಸ" ಎಂದಳು. ಕೈಯಲ್ಲಿದ್ದದ್ದು ಒಂದು ಕರವಸ್ತ್ರ.

ಮೂರನೆಯ ಸಲ ಕಿರಿಯವಳು ಕೈಯನ್ನೇ ಹಿಡಿದುಕೊಂಡಳು. "ಡಾಕ್ಟರ ಹತ್ರ ಬನ್ನಿ ಅಕ್ಕಾ. ಒಬ್ಬಳೇ ಹೋಗೋಕೆ ಭಯ."

ಇವಳು ಮುಖ ಗಂಟು ಹಾಕಿಕೊಂಡೇ ಹೊರಟಳು.

"ಮುಟ್ಟು ನಿಂತು ಮೂರು ತಿಂಗಳಾಯ್ತು" ಎಂದಳು ಕಿರಿಯವಳು, ಡಾಕ್ಟರಮ್ಮನ ಮುಂದೆ. "ಮನೇಲಿ ಎರಡು ಸಲ ಪರೀಕ್ಷೆ ಮಾಡ್ಕೊಂಡೆ. ಬಸುರಿ ಅಲ್ಲ."

ಹಿರಿಯವಳ ಎದೆ ಹಗುರಾಯಿತು. ಮರುಕ್ಷಣವೇ ಹಾಗೆ ಹಗುರಾದುದಕ್ಕೆ ನಾಚಿಕೆಯಾಯಿತು.

"ನಾಲ್ಕು ದಿನ ಹಿಂದೆ ಮುಂದೆ ಆದ್ರೆ ಗಾಬರಿ ಬೇಡ" ಎಂದರು ಡಾಕ್ಟರಮ್ಮ. "ಮೂರು ತಿಂಗಳು ಬರಲೇ ಇಲ್ಲ ಅಂದ್ರೆ ಸುಮ್ನೆ ಕೂರಬಾರದು. ಥೈರಾಯ್ಡ್ ಇರಬಹುದು, ತೂಕ ಇಳಿದಿರಬಹುದು, ಬರೀ ಚಿಂತೆಯೂ ಇರಬಹುದು. ರಕ್ತ ಪರೀಕ್ಷೆ ಆಗ್ಲಿ, ನೋಡೋಣ. ಮನೇಲಿ ಯಾರಿಗೂ ಹೇಳಿರಲಿಲ್ವಾ?"

ಕಿರಿಯವಳು ಅಕ್ಕನತ್ತ ತಿರುಗಿದಳು. ಹಿರಿಯವಳು ನೆಲ ನೋಡಿದಳು.

ಹೊರಗಿನ ಬೆಂಚಿನ ಮೇಲೆ ಹಿರಿಯವಳೇ ಬಾಯಿ ಬಿಟ್ಟಳು. "ಪೊಟ್ಟಣ ನೋಡಿದ್ದೆ ಕಣೇ. ಬಸುರಿ ಅಂದ್ಕೊಂಡು ಹೊಟ್ಟೆ ಉರ್ಕೊಂಡೆ. ಅದಕ್ಕೇ ನಿನ್ನ ಮಾತು ಕೇಳಲಿಲ್ಲ."

ಕಿರಿಯವಳು ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯ ಮೂಲೆ ಮಡಚುತ್ತ ಕೂತಳು. "ನಾನೂ ನಿಮ್ಮ ಪೊಟ್ಟಣ ನೋಡ್ತಿದ್ದೆ ಅಕ್ಕಾ. ತಿಂಗಳು ತಿಂಗಳು ಸರಿಯಾಗಿ ಖಾಲಿ ಆಗ್ತಿತ್ತಲ್ಲ. ನಂಗೂ ಹೊಟ್ಟೆ ಉರೀತಿತ್ತು."

ಆ ಪೊಟ್ಟಣ ಒಡೆದಾಗಲೆಲ್ಲ ತಾನು ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅಳುತ್ತಿದ್ದುದನ್ನು ಹಿರಿಯವಳು ಹೇಳಲಿಲ್ಲ. ಚೀಟಿ ಇಸಿದುಕೊಂಡು, ರಕ್ತ ಪರೀಕ್ಷೆಯ ಸಾಲಿನಲ್ಲಿ ಓರಗಿತ್ತಿಯ ಪರವಾಗಿ ತಾನೇ ಹೋಗಿ ನಿಂತಳು.