ತಳದ ನುಚ್ಚು

ಜಾರುವ ಕಾಳಿನಲ್ಲಿ ಸಣ್ಣದು ಸಂದುಗಳಲ್ಲಿ ನುಸುಳಿ ತಳ ಸೇರುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಇಷ್ಟನ್ನು ಕಂಪ್ಯೂಟರಿನ ತಲೆಗೆ ತುಂಬಲು ನನಗೆ ನಾಲ್ಕು ವರ್ಷ ಹಿಡಿಯಿತು. ನನ್ನ ಲೆಕ್ಕದ ಪ್ರಕಾರ ಶಹಾಪುರದ ತೊಗರಿಬೇಳೆ ಮಿಲ್ಲಿನಲ್ಲಿ, ಬೇಳೆ ಹರಿದು ಬರುವ ಇಳಿಜಾರಾದ ತಗಡಿನ ದೋಣಿಯ, ಅಂದರೆ ಜಾರಿನ, ತಳದಲ್ಲಿ, ನೂರಕ್ಕೆ ಹದಿನೆಂಟು ಪಾಲು ನುಚ್ಚಿರಬೇಕು. ಆದರೆ ಅಲ್ಲಿಂದ ಪ್ರತಿ ವಾರ ಯಾದಗಿರಿಗೆ, ನನ್ನ ಕೋಣೆಗೆ ಬರುತ್ತಿದ್ದ ಮಾದರಿ ಬೇಳೆಯ ಚೀಲಗಳಲ್ಲಿ ಎರಡು ಪಾಲೂ ಇರುತ್ತಿರಲಿಲ್ಲ.

"ಚೀಲ ಸುಳ್ಳು ಹೇಳಂಗಿಲ್ಲ ನಂದಿನಿ. ನಿನ್ನ ಲೆಕ್ಕಾನೇ ತಪ್ಪೈತಿ" ಎಂದರು ಕಲಬುರಗಿಯ ನನ್ನ ಪಿಎಚ್‌ಡಿ ಗೈಡ್.

ಸೋಮವಾರ ಪ್ರಬಂಧ ಒಪ್ಪಿಸಲು ಕಡೆಯ ದಿನ. ತಪ್ಪಿದರೆ ನಾಲ್ಕು ವರ್ಷ ಮಣ್ಣುಪಾಲು. ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಲೆಕ್ಕವನ್ನು ತಿದ್ದಿದೆ. ಸಣ್ಣ ಕಾಳು ತಳಕ್ಕೆ ಇಳಿಯದಂತೆ ಇಲ್ಲದ ಅಡ್ಡಿಗಳನ್ನೆಲ್ಲ ತುರುಕಿದೆ. ಕೊನೆಗೂ ಎರಡು ಪಾಲು ಬಂತು. ನನಗೇ ನಂಬಿಕೆಯಿಲ್ಲದ ಆ ಲೆಕ್ಕವನ್ನು ಗುರುವಾರ ಬೆಳಿಗ್ಗೆ ಗೈಡಿಗೆ ಕಳಿಸಿ, ಪ್ರಬಂಧಕ್ಕೊಂದು ಫೋಟೊ ಬೇಕೆಂದು ಶಹಾಪುರದ ಬಸ್ಸು ಹತ್ತಿದೆ.

ಮಿಲ್ಲಿನಲ್ಲಿ ಭೀಮಮ್ಮ ಕೂತಿದ್ದಳು. ನನ್ನ ಚೀಲಗಳನ್ನು ತುಂಬಿಸುತ್ತಿದ್ದ ಹಿರಿಯ ಹೆಣ್ಣಾಳು ಅವಳೇ. ಜಾರಿನ ತಳದಿಂದ ತೆಗೆದ ಬೇಳೆಯನ್ನು ಮೊರಕ್ಕೆ ಸುರಿದು ಕೇರಿದಳು. ನುಚ್ಚೆಲ್ಲ ಹೊರಗೆ ಹಾರಿತು. ಉಳಿದ ದುಂಡು ಬೇಳೆಯನ್ನು ನನ್ನ ಹೆಸರು ಬರೆದ ಚೀಲಕ್ಕೆ ಹಾಕಿದಳು.

ಚೀಲದ ಬಾಯಿಗೆ ಕೈ ಅಡ್ಡ ಹಿಡಿದೆ. "ಯಕ್ಕಾ, ಇದೇನ್ ಮಾಡಾಕತ್ತಿ?"

"ಹಸನ ಮಾಡಾಕತ್ತೇನವ್ವಾ."

"ಎಲ್ಲಾ ಚೀಲಾನೂ ಹಿಂಗೇ ಮಾಡಿ ಕಳಿಸಿದ್ಯಾ?"

"ಮತ್ತ? ಹಸನ ಮಾಡಲಾರದ ಬ್ಯಾಳಿ ಹೊರಗಿನವ್ರ ಕೈಯಾಗ ಹ್ಯಾಂಗ ಕೊಡೂದು? ನಾಕ ಮಂದಿ ಏನಂದಾರು?"

"ಆ ನುಚ್ಚು ಎಲ್ಲೈತಿ?"

"ಕೋಳಿಗಿ ಹಾಕೀನಿ."

ಮೂರು ತಿಂಗಳ ನನ್ನ ನಿದ್ದೆಯನ್ನು ಕೋಳಿಗಳು ತಿಂದು ಮುಗಿಸಿದ್ದವು. ಕೂಗಾಡಬೇಕೆನ್ನಿಸಿತು. ಯಾರ ಮೇಲೆ? ತಳದಿಂದ ತೆಗೆದು ಕಳಿಸು ಎಂದಿದ್ದೆನೇ ಹೊರತು ಕೇರಬೇಡ ಎಂದು ನಾನು ಹೇಳಿರಲೇ ಇಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ನಾನೇ ಡಬ್ಬಿ ಹಿಡಿದು ಜಾರಿನ ತಳದಿಂದ ಬೇಳೆ ತೆಗೆದೆ, ಜರಡಿ ಹಿಡಿದೆ, ಮಿಲ್ಲಿನ ತಕ್ಕಡಿಯಲ್ಲಿ ತೂಗಿದೆ. ಹದಿನೇಳೂವರೆ ಪಾಲು ನುಚ್ಚು. ಮೊದಲು ಬರೆದದ್ದೇ ಸರಿಯಿತ್ತು. ಅದನ್ನು ಕೆಡಿಸಿದವಳು ನಾನು.

ಫೋನು ಬಂತು. ಗೈಡ್ ಖುಷಿಯಲ್ಲಿದ್ದರು. "ಈಗ ಸರಿ ಬಂತು ನೋಡು. ಸಹಿ ಹಾಕಾಕತ್ತೇನಿ."

ಭೀಮಮ್ಮ ಕೇರುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಸೋಮವಾರ ಪ್ರಬಂಧ ಒಪ್ಪಿಸಿ ಮುಗಿಯುತ್ತಿತ್ತು.

"ಹಾಕಬ್ಯಾಡ್ರಿ ಸರ್" ಎಂದೆ.

"ಯಾಕ?"

"ಅದು ಜಾರಿನ ಲೆಕ್ಕ ಅಲ್ರಿ. ಮೂರು ತಿಂಗಳು ಕುಂತು ನಾ ಭೀಮಮ್ಮನ ಮೊರದ ಲೆಕ್ಕ ಬರದೀನಿ."